ಹಿಂಟರ್‌ಕೈಫೆಕ್, 1922: ಆರು ಕೊಲೆ ಆದಮೇಲೂ ಆ ಮನೆಯ ಒಲೆ ಉರಿಯುತ್ತಿತ್ತು

ಹಳೇ ಪೇಪರ್:
ಈ ಕೇಸನ್ನು ಯೂಟ್ಯೂಬ್‌ನಲ್ಲಿ ನೋಡಿದವರು ಇಲ್ಲಿ ತುಂಬಾ ಜನ ಇರಬಹುದು. ಅಲ್ಲಿ ಬರೋದು ಬರೀ ದೆವ್ವ, ಅಟ್ಟದ ಸದ್ದು, ಹಿಮದ ಮೇಲಿನ ಹೆಜ್ಜೆ. ನನ್ನ ತಲೆ ಕೊರೆಯುತ್ತಿರುವುದು ಬೇರೆ ವಿಷಯ. ಮೊದಲು ನಡೆದದ್ದನ್ನು ಹೇಳಿಬಿಡ್ತೀನಿ.

ಜರ್ಮನಿಯ ಬವೇರಿಯಾ. ಮ್ಯೂನಿಕ್‌ನಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್. ಇಂಗೋಲ್‌ಸ್ಟಾಟ್ ಮತ್ತು ಶ್ರೋಬೆನ್‌ಹೌಸೆನ್ ನಡುವೆ ಗ್ರೋಬರ್ನ್ ಅನ್ನೋ ಸಣ್ಣ ಊರು. ಅದರ ಹೊರಗೆ, ಕಾಡಿನ ಅಂಚಿಗೆ ಒಂಟಿ ತೋಟದ ಮನೆ. ಕೈಫೆಕ್ ಅನ್ನೋ ಜಾಗದ ಹಿಂದೆ ಇದ್ದದ್ದಕ್ಕೆ ಹಿಂಟರ್‌ಕೈಫೆಕ್. ಹಿಂಟರ್ ಅಂದರೆ ಹಿಂದೆ, ಅಷ್ಟೇ. ನಾವು 'ಕೆರೆ ಹಿಂದಿನ ಮನೆ' ಅನ್ನೋ ಹಾಗೆ.

ಮನೆಯಲ್ಲಿದ್ದವರು: ಯಜಮಾನ ಆಂಡ್ರಿಯಾಸ್ ಗ್ರೂಬರ್, 63. ಹೆಂಡತಿ ಸೆಸೀಲಿಯಾ, 72. ವಿಧವೆ ಮಗಳು ವಿಕ್ಟೋರಿಯಾ ಗಾಬ್ರಿಯೆಲ್, 35. ಅವಳ ಮಗಳು, ಅಜ್ಜಿಯ ಹೆಸರೇ ಇಟ್ಟ ಸೆಸೀಲಿಯಾ, 7. ಮಗ ಯೋಸೆಫ್, 2. ಜೊತೆಗೆ ಮನೆಗೆಲಸದ ಮರಿಯಾ ಬೌಮ್‌ಗಾರ್ಟ್ನರ್, 44. ಈಕೆ ಕೆಲಸಕ್ಕೆ ಸೇರಿದ್ದು 1922ರ ಮಾರ್ಚ್ 31, ಶುಕ್ರವಾರ. ಅಕ್ಕ-ತಂಗಿ ಇಬ್ಬರೂ ಒಟ್ಟಿಗೆ ನಡೆದು ಬಂದರು. ಇವಳನ್ನು ಬಿಟ್ಟು ಇನ್ನೊಬ್ಬಳು ವಾಪಸ್ ಹೋದಳು. ಅದೇ ರಾತ್ರಿ ಆರೂ ಜನ ಸತ್ತರು.

ಅಜ್ಜ, ಅಜ್ಜಿ, ವಿಕ್ಟೋರಿಯಾ, ಏಳು ವರ್ಷದ ಹುಡುಗಿ, ಈ ನಾಲ್ವರೂ ಸತ್ತು ಬಿದ್ದದ್ದು ಹುಲ್ಲಿನ ಕಣಜದಲ್ಲಿ. ಒಬ್ಬರ ಹಿಂದೆ ಒಬ್ಬರು ಅಲ್ಲಿಗೆ ಹೋಗಿದ್ದಾರೆ ಅನ್ನಿಸುತ್ತೆ. ಹೆಂಗಸರಿಬ್ಬರು ಹಗಲಿನ ಬಟ್ಟೆಯಲ್ಲಿದ್ದರು, ಅಜ್ಜ ಮತ್ತು ಹುಡುಗಿ ಮಲಗುವ ಬಟ್ಟೆಯಲ್ಲಿ. ಮರಿಯಾ ತನ್ನ ಕೋಣೆಯಲ್ಲಿ, ಮಗು ತಾಯಿಯ ಕೋಣೆಯ ತೊಟ್ಟಿಲಲ್ಲಿ. ಕಣಜದ ಹೆಣಗಳ ಮೇಲೆ ಹುಲ್ಲು ಮುಚ್ಚಿತ್ತು. ಮಗುವಿನ ಮೇಲೆ ತಾಯಿಯ ಲಂಗ.

ಹೆಣಗಳು ಸಿಕ್ಕಿದ್ದು ಏಪ್ರಿಲ್ 4, ಮಂಗಳವಾರ. ನಡುವಿನ ದಿನಗಳಲ್ಲಿ ಆ ಮನೆಯಲ್ಲಿ ಯಾರೋ ಇದ್ದರು. ದನಗಳಿಗೆ ಮೇವು ಬಿದ್ದಿತ್ತು. ಬ್ರೆಡ್ಡು ಖಾಲಿಯಾಗಿತ್ತು, ಉಗ್ರಾಣದ ಮಾಂಸ ಹೊಸದಾಗಿ ಕೊಯ್ದ ಹಾಗಿತ್ತು. ಚಿಮಣಿಯಲ್ಲಿ ಹೊಗೆ ಬರುತ್ತಿದ್ದದ್ದನ್ನು ಜನ ನೋಡಿದ್ದಾರೆ.

ನನ್ನ ಪ್ರಶ್ನೆ ಇದು. ಕೊಂದವನು ಯಾರು ಅಂತ ನೂರು ವರ್ಷದಿಂದ ಎಲ್ಲರೂ ಕೇಳುತ್ತಲೇ ಇದ್ದಾರೆ. ನಾಲ್ಕು ದಿನ ಒಬ್ಬರೂ ಆ ಮನೆಯ ಬಾಗಿಲು ತಟ್ಟಿ ಒಳಗೆ ಹೋಗಲಿಲ್ಲವಲ್ಲ, ಯಾಕೆ?

ರಾತ್ರಿ ಪಾಳಿ:
ಗುರು, ಇದು ಅಮೆರಿಕದ್ದಲ್ವಾ? ಕೊಡಲಿ, ಮನೆಯ ಕನ್ನಡಿಗೆಲ್ಲ ಬಟ್ಟೆ ಮುಚ್ಚಿದ್ದು?

ಹಳೇ ಪೇಪರ್:
ಅದು ವಿಲಿಸ್ಕಾ. ಅಯೋವಾ ರಾಜ್ಯ, 1912ರ ಜೂನ್. ಅಲ್ಲಿ ಸತ್ತದ್ದು ಎಂಟು ಜನ. ಎರಡೂ ಬಗೆಹರಿಯದ ಕೇಸೇ. ಹಾಗಾಗಿ ಜನ ಒಂದರ ವಿವರ ತಂದು ಇನ್ನೊಂದಕ್ಕೆ ಅಂಟಿಸ್ತಾರೆ. ಹಿಂಟರ್‌ಕೈಫೆಕ್‌ನಲ್ಲಿ ಕೊಡಲಿ ಇಲ್ಲ.

ರಾತ್ರಿ ಪಾಳಿ:
ಸರಿ ಸರಿ, ತಪ್ಪಾಯ್ತು. ಹಾಗಾದ್ರೆ ಪಿಕಾಸಿ. ಅದಂತೂ ಓದಿದ್ದೀನಿ.

ಕೊಟ್ಟಿಗೆ ಮನೆ:
ಪಿಕಾಸಿ ಅಂತ ಬರೆಯೋದೂ ಸರಿಯಲ್ಲ ಅನ್ಸುತ್ತೆ. ಅದರ ಚಿತ್ರ ನೋಡಿದ್ದೀನಿ. ಎರಡು ಕಡೆ ಚೂಪು ಇರೋ ಸಾಮಾನಲ್ಲ ಅದು. ಅಗಲ ಅಲಗಿನ ಗುದ್ದಲಿ ಜಾತಿ. ಮರ ಕಡಿದ ಮೇಲೆ ನೆಲದಲ್ಲಿ ಉಳಿಯೋ ಬೇರು ಕೀಳೋಕೆ. ನಮ್ಮ ತೋಟದಲ್ಲೂ ಅಂಥದ್ದೊಂದಿದೆ. ತುಂಬಾ ಭಾರ. ಗಂಡಸರೇ ಎರಡು ಕೈಯಲ್ಲಿ ಎತ್ತಬೇಕು.

ಹಳೇ ಪೇಪರ್:
ಅಕ್ಕ ಹೇಳಿದ್ದೇ ಸರಿ. ಜರ್ಮನ್‌ನಲ್ಲಿ ಅದಕ್ಕೆ ರಾಯ್ಟ್‌ಹೌವೆ ಅಂತಾರೆ. ಅದು ಆಂಡ್ರಿಯಾಸ್‌ದೇ. ಕಾವನ್ನು ಅವನೇ ಮಾಡಿ ಕೂಡಿಸಿದ್ದ. ಕೆಲಸ ಅಷ್ಟು ನೀಟಾಗಿರಲಿಲ್ಲ, ಒಂದು ಸ್ಕ್ರೂ ಹೊರಗೆ ಚಾಚಿಕೊಂಡಿತ್ತು. ಮೊದಲ ಹುಡುಕಾಟದಲ್ಲಿ ಪೊಲೀಸರಿಗೆ ಇದು ಸಿಗಲೇ ಇಲ್ಲ. 1923ರಲ್ಲಿ ಮನೆ ಕೆಡವುವಾಗ ಅಟ್ಟದಲ್ಲಿ ಬಚ್ಚಿಟ್ಟದ್ದು ಸಿಕ್ಕಿತು. ಅಂದರೆ ಹೊರಗಿನಿಂದ ಆಯುಧ ತಂದಿರಲಿಲ್ಲ, ಆಮೇಲೆ ಹೊರಗೆ ಒಯ್ಯಲೂ ಇಲ್ಲ.

ಮಾರಾಯ್ರೇ:
ಹಿಮದ ಹೆಜ್ಜೆ ವಿಷಯ ಬಿಟ್ಟುಬಿಟ್ರಲ್ಲ ಮಾರಾಯ್ರೇ. ಅದಲ್ವಾ ಮುಖ್ಯ?

ಹಳೇ ಪೇಪರ್:
ಬಿಟ್ಟಿಲ್ಲ, ಬಂದೆ. ಕೊಲೆಗೆ ಕೆಲವು ದಿನ ಮೊದಲು ಆಂಡ್ರಿಯಾಸ್ ನೆರೆಯವರ ಹತ್ತಿರ ಹೇಳಿದ್ದ. ಕಾಡಿನ ಕಡೆಯಿಂದ ಮನೆ ತನಕ ಹೆಜ್ಜೆ ಗುರುತಿದೆ, ವಾಪಸ್ ಹೋದ ಗುರುತಿಲ್ಲ ಅಂತ. ಅಟ್ಟದಲ್ಲಿ ಓಡಾಡಿದ ಸದ್ದು ಕೇಳಿದೆ ಅಂದ. ಮನೆಯಲ್ಲಿ ಯಾರೂ ತರಿಸದ ಪೇಪರ್ ಒಂದು ಸಿಕ್ಕಿತ್ತು. ಒಂದು ಬೀಗದ ಕೈ ಕಳೆದಿತ್ತು. ನೆರೆಯವರು ಬರ್ತೀವಿ ಅಂದರೂ ಅವನು ಬೇಡ ಅಂದ. ಪೊಲೀಸರಿಗೂ ಹೇಳಲಿಲ್ಲ.

ಯಾಕೆ ಬೇಡ ಅಂದ ಅನ್ನೋದಕ್ಕೆ ಕಾರಣ ಇದೆ. ಪೊಲೀಸರು ಅಂದರೆ ಆ ಮನೆಯವರಿಗೆ ಆಗುತ್ತಿರಲಿಲ್ಲ. ಬರೆಯೋಕೆ ಕಷ್ಟ, ಆದರೂ ಇದನ್ನು ಬಿಟ್ಟರೆ ಕೇಸು ಅರ್ಥ ಆಗಲ್ಲ. 1915ರಲ್ಲಿ ಆಂಡ್ರಿಯಾಸ್ ಮೇಲೆ ಮಗಳ ಜೊತೆ ಸಂಬಂಧ ಇಟ್ಟುಕೊಂಡ ಆರೋಪ ಸಾಬೀತಾಗಿತ್ತು. ಅವನಿಗೆ ಒಂದು ವರ್ಷ ಜೈಲು. ವಿಕ್ಟೋರಿಯಾಗೆ ಒಂದು ತಿಂಗಳು.

ಕೊಟ್ಟಿಗೆ ಮನೆ:
ಅವಳಿಗೂ ಶಿಕ್ಷೆನಾ?

ನಿವೃತ್ತ ಗುಮಾಸ್ತ:
ಹೌದಮ್ಮ. ಆಗಿನ ಜರ್ಮನ್ ಕಾನೂನಿನಲ್ಲಿ ಅದು ಇಬ್ಬರ ಅಪರಾಧ. ಅಪ್ಪನ ಮನೆಯಲ್ಲಿ ಅಪ್ಪನ ಕೈ ಕೆಳಗೆ ಇದ್ದ ಮಗಳು ಒಪ್ಪಿದ್ದಳೋ, ಒಪ್ಪಿಸಿದರೋ, ಅದನ್ನು ಯಾರೂ ಕೇಳಲಿಲ್ಲ. 30 ವರ್ಷ ಕೋರ್ಟಿನಲ್ಲಿ ಕಾಗದ ಜೋಡಿಸಿದವನು ನಾನು. ತೀರ್ಪಿನಲ್ಲಿ ಬರೆಯದೆ ಬಿಟ್ಟದ್ದೇ ಎಷ್ಟೋ ಸಲ ಕೇಸು.

ಕೊಟ್ಟಿಗೆ ಮನೆ:
ಇದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಜೈಲಿನಿಂದ ಬಂದು ಮತ್ತೆ ಅದೇ ಮನೆಗೇ ಹೋಗಬೇಕು. ಅದೇ ಅಪ್ಪನ ಮನೆಗೆ. ಭಾನುವಾರ ಅದೇ ಜನರ ಎದುರಿಗೆ ಚರ್ಚಿಗೂ ಹೋಗಬೇಕು.

ಹಳೇ ಪೇಪರ್:
ಅವಳು ಚರ್ಚಿನಲ್ಲಿ ಹಾಡುತ್ತಿದ್ದಳು ಅಕ್ಕ. ಗಾಯಕರ ಗುಂಪಿನಲ್ಲಿದ್ದಳು. ಏಪ್ರಿಲ್ 2ರ ಭಾನುವಾರ ಅವಳು ಬರಲಿಲ್ಲ. ಹಿಂದಿನ ದಿನ ಶನಿವಾರ ಹುಡುಗಿ ಶಾಲೆಗೆ ಹೋಗಿರಲಿಲ್ಲ. ಎರಡನ್ನೂ ಜನ ಗಮನಿಸಿದ್ದರು. ಆದರೂ ಯಾರೂ ಬಂದು ನೋಡಲಿಲ್ಲ.

ರಾತ್ರಿ ಪಾಳಿ:
ನನ್ನ ಓಟು ಗಂಡನಿಗೆ. ಕಾರ್ಲ್ ಗಾಬ್ರಿಯೆಲ್. ಯುದ್ಧದಲ್ಲಿ ಸತ್ತ ಅಂದ್ರು, ಹೆಣ ಸಿಗಲಿಲ್ಲ. ವಾಪಸ್ ಬಂದು ನೋಡಿದ್ರೆ ಹೆಂಡತಿಗೆ ಎರಡು ವರ್ಷದ ಮಗು. ಲೆಕ್ಕ ಸರಿ ಹೋಯ್ತಲ್ಲ.

ನಿವೃತ್ತ ಗುಮಾಸ್ತ:
ಸಿನಿಮಾಕ್ಕೆ ಸರಿ ಹೋಗುತ್ತದೆ. ಅವನು ಸತ್ತದ್ದು 1914ರ ಡಿಸೆಂಬರ್, ಫ್ರಾನ್ಸಿನ ಆರಾಸ್ ಹತ್ತಿರ. ಹೆಣ ಊರಿಗೆ ಬರಲಿಲ್ಲ, ನಿಜ. ಆ ಯುದ್ಧದಲ್ಲಿ ಹೆಣ ಬಾರದವರು ಲಕ್ಷಗಟ್ಟಲೆ. ಅವನ ತುಕಡಿಯವರೇ ಅವನು ಸತ್ತದ್ದನ್ನು ಹೇಳಿದ್ದಾರೆ, ಪೊಲೀಸರು ಅದನ್ನು ನಂಬಿದರು. ಇನ್ನೊಂದು ಮಾತು. ಏಳು ವರ್ಷದ ಹುಡುಗಿ ಅವನ ಸ್ವಂತ ಮಗಳು. ಅವಳನ್ನೂ ಕೊಂದನೇ?

ರಾತ್ರಿ ಪಾಳಿ:
ಎರಡನೇ ಯುದ್ಧ ಮುಗಿದಾಗ ಒಬ್ಬ ರಷ್ಯನ್ ಅಧಿಕಾರಿ ಬವೇರಿಯಾದ ಕೈದಿಗಳಿಗೆ ಜರ್ಮನ್‌ನಲ್ಲೇ ಮಾತಾಡಿ, ಹಿಂಟರ್‌ಕೈಫೆಕ್ ಕೊಲೆಗಾರ ನಾನೇ ಅಂದನಂತೆ. ಅದಕ್ಕೇನಂತೀರಿ ಸರ್?

ನಿವೃತ್ತ ಗುಮಾಸ್ತ:
'ಅಂದನಂತೆ' ಅಂತ ನೀವೇ ಬರೆದಿದ್ದೀರಲ್ಲ. ಅದೇ ನನ್ನ ಉತ್ತರ.

ಸುಮ್ನೆ ಓದುವವ:
😂 ಗುಮಾಸ್ತರಿಗೆ ಒಂದು ಕಾಫಿ ಕೊಡಿಸ್ರಪ್ಪ.

ಕೊಟ್ಟಿಗೆ ಮನೆ:
ಮೇವಿನ ವಿಷಯಕ್ಕೆ ಬರ್ತೀನಿ. ನಮ್ಮದು ಅರಸೀಕೆರೆ ಕಡೆ, ಐದು ಹಸು ಇವೆ. ಒಂದು ಹೊತ್ತು ಮೇವು ತಡವಾದರೆ ಸಾಕು, ಹಸು ಮೊದಲು ತಲೆ ತಿರುಗಿಸಿ ಬಾಗಿಲು ನೋಡುತ್ತೆ. ಆಮೇಲೆ ಗೊಂತಿಗೆ ಕೊಂಬು ಉಜ್ಜುತ್ತೆ. ಆಮೇಲೆ ಕೂಗು ಶುರು. ಕರೆಯೋ ಹಸುವನ್ನು ಒಂದು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಕಲ್ಲಾಗುತ್ತೆ. ಎರಡನೇ ದಿನ ಆ ಕೂಗನ್ನು ಮನುಷ್ಯರಾದವರಿಗೆ ಕೇಳಿಸಿಕೊಳ್ಳೋಕಾಗಲ್ಲ. ಪಕ್ಕದ ಊರಿಗೂ ಕೇಳುತ್ತೆ.

ಹಾಗಾಗಿ ಮೇವು ಹಾಕಿದ್ದು ಕರುಣೆಯಿಂದ ಅಂತ ನಾನು ನಂಬಲ್ಲ. ದನ ಕೂಗಿದರೆ ಜನ ಬರ್ತಾರೆ. ಆ ಮನುಷ್ಯನಿಗೆ ಇದು ಗೊತ್ತಿತ್ತು. ದನದ ಜೊತೆ ಬದುಕಿದವನೇ ಇರಬೇಕು.

ಮಾರಾಯ್ರೇ:
ಅಕ್ಕ, ಅಲ್ಲಿ ಆಗ ದನದ ಜೊತೆ ಬದುಕದವ ಯಾರಿದ್ದ ಹೇಳಿ? ಇಡೀ ಜಿಲ್ಲೆಯೇ ರೈತರು. ಆ ಲೆಕ್ಕದಲ್ಲಿ ಎಲ್ಲರೂ ಆರೋಪಿಗಳೇ.

ಕೊಟ್ಟಿಗೆ ಮನೆ:
ಅದೂ ಸರಿ. ಆದ್ರೆ ದಾರಿಹೋಕ ಕಳ್ಳ ಅಲ್ಲ ಅಂತಾದರೂ ಹೇಳಬಹುದು ಅಲ್ವಾ? ಕಳ್ಳ ಆದ್ರೆ ಸಿಕ್ಕಿದ್ದು ಬಾಚಿಕೊಂಡು ರಾತ್ರಿಯೇ ಓಡ್ತಾನೆ. ಬೆಳಿಗ್ಗೆ ಎದ್ದು ಹುಲ್ಲು ಹಾಕ್ತಾ ಕೂರಲ್ಲ.

ಹಳೇ ಪೇಪರ್:
ಪೊಲೀಸರು ಮೊದಲು ಹಿಡಿದದ್ದು ಕಳ್ಳತನದ ದಾರಿಯನ್ನೇ. ಅಲೆಮಾರಿಗಳು, ಊರೂರು ತಿರುಗೋ ವ್ಯಾಪಾರಿಗಳು, ಇವರನ್ನೆಲ್ಲ ವಿಚಾರಿಸಿದರು. ಆದರೆ ಮನೆಯಲ್ಲಿ ಸಾಕಷ್ಟು ಹಣ ಹಾಗೇ ಉಳಿದಿತ್ತು. ಅಲ್ಲಿಗೆ ಆ ವಾದ ಸಡಿಲ ಆಯಿತು. 1,00,000 ಮಾರ್ಕ್ ಬಹುಮಾನ ಇಟ್ಟರು. ವರ್ಷಗಳ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ವಿಚಾರಿಸಿದ್ದಾರೆ. ಒಬ್ಬನ ಮೇಲೂ ಸಾಬೀತಾಗಲಿಲ್ಲ.

ಈಗ ಆ ನಾಲ್ಕು ದಿನ. ಇದನ್ನು ನಿಧಾನವಾಗಿ ಓದಿ.

ಶನಿವಾರ ಕಾಫಿ ಮಾರುವವರಿಬ್ಬರು ಆರ್ಡರ್ ಕೇಳೋಕೆ ಬಂದರು. ಬಾಗಿಲು ಬಡಿದರು, ಕಿಟಕಿ ಬಡಿದರು. ಉತ್ತರ ಇಲ್ಲ. ಹೋದರು. ಅದೇ ರಾತ್ರಿ ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬನಿಗೆ ಒಲೆ ಉರಿಯುತ್ತಿರುವುದು ಗೊತ್ತಾಯಿತು. ಯಾರೋ ಲಾಟೀನು ಹಿಡಿದು ಎದುರಿಗೆ ಬಂದು ಅವನ ಕಣ್ಣಿಗೆ ಬೆಳಕು ಬಿಟ್ಟರು. ಅವನು ಬೇಗ ಬೇಗ ನಡೆದುಬಿಟ್ಟ. ಅಂಚೆಯವನು ತಂದಿಟ್ಟ ಟಪಾಲು ಇಟ್ಟಲ್ಲೇ ಇತ್ತು.

ಮಂಗಳವಾರ ಬಂದವನು ಮೆಕ್ಯಾನಿಕ್. ಮೇವು ಕತ್ತರಿಸೋ ಮಿಷನ್ನಿನ ಎಂಜಿನ್ ರಿಪೇರಿಗೆ. ಯಾರೂ ಕಾಣಲಿಲ್ಲ. ಸುಮಾರು ಒಂದು ಗಂಟೆ ಕಾದ. ದನದ ಸದ್ದು, ನಾಯಿ ಬೊಗಳುವುದು ಮಾತ್ರ ಕೇಳುತ್ತಿತ್ತು. ಕಾದು ಕಾದು ಸಾಕಾಗಿ ಕೆಲಸ ಶುರು ಮಾಡಿದ. ನಾಲ್ಕೂವರೆ ಗಂಟೆ ಕೆಲಸ! ಆ ಮನೆಯ ಅಂಗಳದಲ್ಲಿ ನಾಲ್ಕೂವರೆ ಗಂಟೆ ಸ್ಪಾನರ್ ಹಿಡಿದು ಕೂತಿದ್ದ. ಕಣಜದಲ್ಲಿ ನಾಲ್ಕು ಹೆಣ.

ಸುಮ್ನೆ ಓದುವವ:
ಆ ಮೆಕ್ಯಾನಿಕ್ ಆಮೇಲೆ ಹೇಗೆ ನಿದ್ದೆ ಮಾಡಿದನೋ.

ಹಳೇ ಪೇಪರ್:
ಅವನು ಗ್ರೋಬರ್ನ್‌ಗೆ ಬಂದು ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳಿದ. ಅಲ್ಲಿನ ಒಬ್ಬ ರೈತ ಮೊದಲು ತನ್ನ ಹುಡುಗರನ್ನು ಕಳಿಸಿದ. ಆಮೇಲೆ ತಾನೇ ಇನ್ನಿಬ್ಬರನ್ನು ಕರೆದುಕೊಂಡು ಹೋದ. ಹೆಣಗಳು ಸಿಕ್ಕಿದ್ದು ಹಾಗೆ. ಈ ರೈತನೇ ಮಗು ಯೋಸೆಫ್ ತನ್ನದು ಅಂತ ದಾಖಲೆಯಲ್ಲಿ ಒಪ್ಪಿಕೊಂಡಿದ್ದವನು. ಒಳಗೆ ಹೋದಾಗ ಅವನು ಹೆಣಗಳನ್ನು ಸರಿಸಿದ, ಉಳಿದಿಬ್ಬರು ಹೊರಗೇ ನಿಂತಾಗ ಒಬ್ಬನೇ ಮನೆಯೊಳಗೆ ಹೋದ. ಅಲ್ಲಿಂದ ಊರಿನ ಬೆರಳೆಲ್ಲ ಅವನ ಕಡೆಗೆ.

ರಾತ್ರಿ ಪಾಳಿ:
ಮತ್ತೇನು ಬೇಕು? ಕೇಸು ಮುಗೀತು.

ನಿವೃತ್ತ ಗುಮಾಸ್ತ:
ಏನೂ ಮುಗಿದಿಲ್ಲ. ತನ್ನ ಮಗು ಒಳಗಿದೆ ಅಂದುಕೊಂಡ ಅಪ್ಪ ಬಾಗಿಲಲ್ಲಿ ನಿಲ್ಲುತ್ತಾನಾ? ಅವನು ಸಾಯುವವರೆಗೂ ಜನ ಅವನನ್ನು ಕೊಲೆಗಾರ ಅಂದರು. ಅವನು ಮಾನನಷ್ಟ ಹೂಡಿ ಗೆದ್ದಿದ್ದಾನೆ. ಅದು ಅವನು ನಿರಪರಾಧಿ ಅನ್ನೋದಕ್ಕೆ ಸಾಕ್ಷಿ ಅಲ್ಲ. ಆದರೆ ಅವನ ಮೇಲೆ ಹೇಳೋಕೆ ಜನರ ಹತ್ತಿರ ಮಾತು ಬಿಟ್ಟು ಬೇರೇನೂ ಇರಲಿಲ್ಲ.

ನಿರ್ವಾಹಕರು:
ಕೆಳಗೆ ಎರಡು ಕಾಮೆಂಟ್ ತೆಗೆದಿದ್ದೇವೆ. ಆ ರೈತನ ಹೆಸರನ್ನು ಕೊಲೆಗಾರ ಅಂತ ಬರೆಯಬೇಡಿ. ಅವರ ಮನೆತನದವರು ಈಗಲೂ ಇರುತ್ತಾರೆ. ಚರ್ಚೆ ಮುಂದುವರಿಸಿ.

ಹಳೇ ಪೇಪರ್:
ನಿರ್ವಾಹಕರ ಮಾತಿಗೆ ಒಂದು ಸೇರಿಸ್ತೀನಿ. 2007ರಲ್ಲಿ ಫ್ಯೂರ್‌ಸ್ಟೆನ್‌ಫೆಲ್ಡ್‌ಬ್ರುಕ್ ಪೊಲೀಸ್ ಅಕಾಡೆಮಿಯ ವಿದ್ಯಾರ್ಥಿಗಳು ಈ ಕೇಸನ್ನು ಇವತ್ತಿನ ವಿಧಾನದಲ್ಲಿ ಮತ್ತೆ ನೋಡಿದರು. ಇಷ್ಟು ವರ್ಷ ಆದಮೇಲೆ ಖಚಿತವಾಗಿ ಬಗೆಹರಿಸೋಕೆ ಆಗಲ್ಲ ಅಂದರು. ಒಬ್ಬನ ಮೇಲೆ ಮಾತ್ರ ಎಲ್ಲರಿಗೂ ಅನುಮಾನ ಬಂತು. ಆದರೆ ಬದುಕಿರುವ ಸಂಬಂಧಿಕರ ಮರ್ಯಾದೆಗೋಸ್ಕರ ಹೆಸರು ಹೇಳಲಿಲ್ಲ. ಓದಿದವರಿಗೆಲ್ಲ ಅದು ಯಾರು ಅಂತ ಗೊತ್ತಾಯಿತು ಅನ್ನಿಸಿಬಿಡುತ್ತೆ. ಮಜಾ ಏನೆಂದರೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಗೊತ್ತಾಗಿರ್ತಾನೆ.

ನಿವೃತ್ತ ಗುಮಾಸ್ತ:
ಯಾರೂ ಸಿಗದೆ ಇದ್ದದ್ದಕ್ಕೆ ಕಾರಣ ಮೊದಲ ದಿನವೇ ಇದೆ. ಮ್ಯೂನಿಕ್‌ನಿಂದ ಇನ್‌ಸ್ಪೆಕ್ಟರ್ ಗೆಯೋರ್ಗ್ ರೈನ್‌ಗ್ರೂಬರ್ ತಂಡ ಬಂದು ತಲುಪುವ ಹೊತ್ತಿಗೆ ಊರಿನ ಜನವೆಲ್ಲ ಆ ಮನೆ ತುಳಿದಾಗಿತ್ತು. ಹೆಣ ಸರಿಸಿದ್ದರು, ಸಾಮಾನು ಮುಟ್ಟಿದ್ದರು, ಅಡಿಗೆಮನೆಯಲ್ಲಿ ತಿಂದವರೂ ಇದ್ದರಂತೆ. ಇನ್ನು ಮಹಜರು ಯಾವುದಕ್ಕೆ ಬರೆಯೋದು? ಬೆರಳಚ್ಚು ತೆಗೆಯುವುದು ಆಗಲೇ ಬಳಕೆಗೆ ಬಂದಿತ್ತು, ಇಲ್ಲಿ ತೆಗೆಯಲಿಲ್ಲ.

ಏಪ್ರಿಲ್ 5ರಂದು ಡಾಕ್ಟರ್ ಔಮ್ಯುಲರ್ ಆ ಜಾಗದಲ್ಲೇ ಮರಣೋತ್ತರ ಪರೀಕ್ಷೆ ಮಾಡಿದರು. ಹುಡುಗಿ ಕೂಡಲೇ ಸತ್ತಿರಲಿಲ್ಲ, ಕೆಲವು ಗಂಟೆ ಬದುಕಿದ್ದಳು ಅಂತ ಗೊತ್ತಾದದ್ದು ಆಗ. ಅವಳ ಕೈಯಲ್ಲಿ ಅವಳದೇ ತಲೆಗೂದಲು ಇತ್ತು. ಇದರ ಬಗ್ಗೆ ಇನ್ನೂ ಬರೆಯಲಾರೆ.

ತಲೆಗಳನ್ನು ಬೇರೆ ಮಾಡಿ ಮ್ಯೂನಿಕ್‌ಗೆ ಕಳಿಸಿದರು. ದಿವ್ಯದೃಷ್ಟಿ ಇದೆ ಅನ್ನುವವರ ಹತ್ತಿರ ತೋರಿಸಿದರು. ಕಣಿ ಕೇಳಿದ ಹಾಗೆ! ಏನೂ ಸಿಗಲಿಲ್ಲ. ದೇಹಗಳನ್ನು ವೈಡ್‌ಹೋಫೆನ್‌ನ ಸ್ಮಶಾನದಲ್ಲಿ ತಲೆ ಇಲ್ಲದೆ ಹೂಳಿದರು. ತಲೆಗಳು ಎರಡನೇ ಮಹಾಯುದ್ಧದ ಗದ್ದಲದಲ್ಲಿ ಕಳೆದುಹೋದವು. ಕೇಸಿನ ಫೈಲು 1955ರಲ್ಲಿ ಮುಚ್ಚಿತು, ಆಮೇಲೂ 1986ರ ತನಕ ಯಾರನ್ನಾದರೂ ಕೇಳುತ್ತಲೇ ಇದ್ದರು.

ಮಾರಾಯ್ರೇ:
ಆ ಮರಿಯಾ ಕಥೆ ಮಾತ್ರ ಹೊಟ್ಟೆ ಉರಿಸುತ್ತದೆ ಮಾರಾಯ್ರೇ. ಅವಳಿಗೂ ಈ ಜಗಳಕ್ಕೂ ಸಂಬಂಧವೇ ಇಲ್ಲ. ಗಂಟು ಬಿಚ್ಚುವ ಮೊದಲೇ ಸತ್ತಳು. ಅವಳಿಗಿಂತ ಮುಂಚೆ ಇದ್ದ ಕೆಲಸದವಳು ಬಿಟ್ಟುಹೋದದ್ದು ದೆವ್ವದ ಭಯಕ್ಕೆ ಅಂತಾರಲ್ಲ, ನಿಜವಾ?

ಹಳೇ ಪೇಪರ್:
ಹಾಗೆ ಹೇಳ್ತಾರೆ. ನಾನು ಅದನ್ನು ಬೇಕು ಅಂತಲೇ ಮೇಲೆ ಹಾಕಲಿಲ್ಲ. ಅಂಥ ಮನೆ ಬಿಡೋಕೆ ಕೆಲಸದ ಹೆಂಗಸಿಗೆ ದೆವ್ವ ಬೇಕಾಗಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಇಂಗೋಲ್‌ಸ್ಟಾಟ್‌ನಿಂದ:
ಈಗ ನೋಡಿದೆ ಈ ಚರ್ಚೆ. ನಾನು ಇಲ್ಲೇ ಕಾರ್ ಕೆಲಸದಲ್ಲಿದ್ದೀನಿ, ಮನೆ ಇಂಗೋಲ್‌ಸ್ಟಾಟ್‌ನಲ್ಲಿ. ಹೋದ ವಸಂತದಲ್ಲಿ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ನೋಡೋಕೆ ಏನೂ ಇಲ್ಲ. ಮನೆ 1923ರಲ್ಲೇ ಹೋಯ್ತಲ್ಲ. ಹೊಲ, ಆಚೆ ಕಾಡು. ಪಕ್ಕದಲ್ಲಿ ಒಂದು ಸಣ್ಣ ಸ್ಮಾರಕ. ಇಲ್ಲಿನ ದಾರಿಬದಿಗಳಲ್ಲಿ ಶಿಲುಬೆ ಹೊತ್ತ ಇಂಥ ಗುಡಿಗಳು ತುಂಬಾ ಇರುತ್ತವೆ, ಮಾರ್ಟರ್ಲ್ ಅಂತಾರೆ. ಯಾರೋ ಮೋಂಬತ್ತಿ ಹಚ್ಚಿಟ್ಟಿದ್ದರು, ಗಾಜಿನ ಒಳಗೆ. ಆರಿಹೋಗಿತ್ತು. ನಾನು ಹಚ್ಚೋಣ ಅಂದ್ರೆ ಜೇಬಲ್ಲಿ ಬೆಂಕಿಪೊಟ್ಟಣ ಇಲ್ಲ.

ಒಂದು ಮಾತ್ರ ನೋಡಬೇಕು ಅಂತ ಗ್ರೋಬರ್ನ್ ತನಕ ನಡೆದೆ. ಅರ್ಧ ಕಿಲೋಮೀಟರ್ ಆಸುಪಾಸು. ಫೋನಲ್ಲಿ ಅಮ್ಮನ ಜೊತೆ ಮಾತಾಡ್ತಾ ಹೋದೆ, ಏಳೋ ಎಂಟೋ ನಿಮಿಷ. ಅಮ್ಮ ನಮ್ಮ ಬೀದಿಯ ಸುದ್ದಿಯನ್ನೂ ಮುಗಿಸಿರಲಿಲ್ಲ, ಊರು ಬಂದುಬಿಟ್ಟಿತು.

ಹಳೇ ಪೇಪರ್:
ಇದನ್ನೇ ನಾನು ಕೇಳುತ್ತಿದ್ದದ್ದು. ಎಂಟು ನಿಮಿಷದ ದಾರಿ. ಕಾಡು ಅಡ್ಡ ಇತ್ತು, ಹಿಮ ಇತ್ತು, ಒಪ್ಪಿದೆ. ಆದರೆ ಆ ಮನೆಯ ಜೊತೆ ಕೊಡು-ಕೊಳ್ಳುವುದು ಇದ್ದಿದ್ದರೆ? ಶನಿವಾರ ಸಂಜೆಯೇ ಯಾವಳಾದರೂ ಒಬ್ಬಳು 'ಯಾಕೆ ಹುಡುಗಿ ಬರಲಿಲ್ಲ' ಅಂತ ಬಂದಿರುತ್ತಿದ್ದಳು. ಕೊಂದವನಿಗೆ ಈ ಮನೆಗೆ ಯಾರೂ ಬರಲ್ಲ ಅನ್ನೋ ಧೈರ್ಯ ಇತ್ತು. ಇಲ್ಲದಿದ್ದರೆ ಯಾರಾದರೂ ಒಲೆ ಹಚ್ಚಿಕೊಂಡು ಉಳಿಯುತ್ತಾರಾ? ಊರು ಆ ಮನೆಯನ್ನು ಎಷ್ಟು ದೂರ ಇಟ್ಟಿದೆ ಅಂತ ಗೊತ್ತಿದ್ದವನು ಅವನು. ನನಗೆ ಅಷ್ಟು ಮಾತ್ರ ಖಚಿತ ಅನ್ನಿಸುತ್ತೆ.

ನಿವೃತ್ತ ಗುಮಾಸ್ತ:
ಊರಿನ ಮೇಲೆ ಅಷ್ಟೂ ಹೊರೆ ಹಾಕಬೇಡಿ. ಬಾಗಿಲು ಹಾಕಿಕೊಂಡದ್ದು ಆಂಡ್ರಿಯಾಸ್ ಕೂಡ. ನೆರೆಯವರು ಬರ್ತೀವಿ ಅಂದಾಗ ಬೇಡ ಅಂದವನು ಅವನೇ ಅಂತ ನೀವೇ ಬರೆದಿದ್ದೀರಿ.

ಹಳೇ ಪೇಪರ್:
ಒಪ್ಪಿದೆ ಸರ್. ಅವನು ಬೇಡ ಅಂದ. ಅಜ್ಜಿ, ವಿಕ್ಟೋರಿಯಾ, ಮಕ್ಕಳನ್ನು ಕೇಳಿದವರು ಯಾರು?

ಕೊಟ್ಟಿಗೆ ಮನೆ:
ಹೊಗೆ ವಿಷಯ ಹೇಳೋದು ಮರೆತಿದ್ದೆ. ನಮ್ಮಜ್ಜಿ ಬೆಳಿಗ್ಗೆ ಎದ್ದು ಹೊರಗೆ ಬಂದ ಕೂಡಲೇ ಆಚೆ ಓಣಿಯ ಮನೆಗಳ ಹೊಗೆ ನೋಡೋಳು. ಯಾರ ಮನೆಯಲ್ಲಿ ಹೊಗೆ ಇಲ್ಲ ಅಂತ. ಇಲ್ಲದಿದ್ದರೆ ನನ್ನನ್ನು ಓಡಿಸೋಳು, ಹೋಗಿ ನೋಡ್ಕೊಂಡು ಬಾ ಅಂತ. ಗ್ರೋಬರ್ನ್‌ನಲ್ಲಿ ಅಂಥ ಅಜ್ಜಿ ಇದ್ದಿದ್ದರೂ ಹೊಗೆ ಕಂಡು ಸುಮ್ಮನಾಗಿರ್ತಿದ್ದಳು.

ಮಾರಾಯ್ರೇ:
ಅಕ್ಕ, ಮಧ್ಯರಾತ್ರಿ ಇದನ್ನು ಬರೆಯಬಾರದಿತ್ತು. ನಮ್ಮದೂ ತೋಟದ ಮನೆಯೇ. ಪಕ್ಕದ ಮನೆ ಗುಡ್ಡದಾಚೆ.

ಕೊಟ್ಟಿಗೆ ಮನೆ:
ಹಾಗಾದ್ರೆ ನಾಳೆ ಬೆಳಿಗ್ಗೆ ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬಾರಪ್ಪ. ನಾನು ಹೊರಟೆ, ನಾಲ್ಕೂವರೆಗೆ ಏಳಬೇಕು. ಹಾಲಿನ ಡೈರಿ ಗಾಡಿ ಕಾಯಲ್ಲ. ಅಂದ ಹಾಗೆ ಪೇಪರ್ ಅಣ್ಣ, ಆ ಹಸುಗಳನ್ನು ಆಮೇಲೆ ಯಾರು ಹೊಡ್ಕೊಂಡು ಹೋದರು ಅಂತ ಎಲ್ಲಾದರೂ ಕಂಡರೆ ಇಲ್ಲೇ ಹಾಕಿ.